ಸಿರುಗುಪ್ಪಕ್ಕೆ ಹೊರಟ ವ್ಯಾನಿನಲ್ಲಿ ಇನ್ವರ್ಟರ್ ಕೂರಿಸಿದ್ದು

2003ರಲ್ಲಿ ನಾನು ಚೆನ್ನೈನ ಒಂದು ಇನ್ವರ್ಟರ್ ಮಾರಾಟ ಸಂಸ್ಥೆಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮನೆ, ಅಂಗಡಿಗಳ ಇನ್ವರ್ಟರ್‌ಗಳೇ ನಮ್ಮ ಮುಖ್ಯ ವ್ಯಾಪಾರ. ಅಪರೂಪಕ್ಕೆ ವಾಹನಗಳಿಗೂ ಕೂರಿಸಿಕೊಡುತ್ತಿದ್ದೆವು. ವಾಹನದ ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಮನೆಯಲ್ಲಿರುವಂಥ 230 ವೋಲ್ಟಿಗೆ ಬದಲಿಸುವ ಪೆಟ್ಟಿಗೆ ಅದು. ನಾನು ಮೈಸೂರಿನವಳು. ಕನ್ನಡ ಮಾತಾಡುವ ಗಿರಾಕಿ ಬಂದರೆ ಆಫೀಸಿನವರು ನನ್ನ ಮೇಜಿಗೇ ಕಳಿಸುತ್ತಿದ್ದರು.

ಹಾಗೆ ಬಂದವರು ಚನ್ನಬಸಪ್ಪ. ರಾಯಪುರಂನಲ್ಲಿ ದೋಣಿಗಳಿಗೆ ಹಗ್ಗ, ಟಾರ್ಪಾಲಿನ್ ಮಾರುವ ಅಂಗಡಿ ಅವರದು. ಬಳ್ಳಾರಿ ಕಡೆಯ ಸಿರುಗುಪ್ಪದಿಂದ ಬಂದು ಇಲ್ಲೇ ನೆಲೆಸಿದವರು. ಹೆಂಡತಿ ಗೌರಮ್ಮನವರ ಶ್ವಾಸಕೋಶ ಕೆಟ್ಟುಹೋಗಿತ್ತು. ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಸುತ್ತಲಿನ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಮೂಗಿಗೆ ಕೊಡುವ ಯಂತ್ರ, ಇಲ್ಲದೆ ಆಕೆ ಇರುವಂತಿರಲಿಲ್ಲ. ಸಿರುಗುಪ್ಪದಲ್ಲಿ ಆಕೆಯ ತಂಗಿಯೊಬ್ಬರಿದ್ದರು. ಲಕ್ವ ಹೊಡೆದು ಹಾಸಿಗೆ ಹಿಡಿದವರು. ಅವರು ಚೆನ್ನೈಗೆ ಬರುವ ಹಾಗಿರಲಿಲ್ಲ. ಆಕೆಯನ್ನು ಒಮ್ಮೆ ನೋಡಬೇಕೆಂಬುದು ಗೌರಮ್ಮನವರ ಹಟ. ಹೋಗುವುದಾದರೆ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರಂತೆ.

ಹಗಲಿಡೀ ಪ್ರಯಾಣ. ಬರೀ ಆಮ್ಲಜನಕದ ಸಿಲಿಂಡರ್ ನಂಬಿದರೆ ಅಂಥವನ್ನು ಹಲವು ಹೇರಬೇಕು, ಕುಲುಕುವ ರಸ್ತೆಯಲ್ಲಿ ಅದೂ ಅಪಾಯ. ಆದ್ದರಿಂದ ಕಾನ್ಸಂಟ್ರೇಟರನ್ನೇ ವ್ಯಾನಿನಲ್ಲಿ ಓಡಿಸಿಕೊಂಡು ಹೋಗುವುದು, ತುರ್ತಿಗೆ ಒಂದೇ ಸಿಲಿಂಡರ್ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು.

ಅವರ ಸ್ವಂತ ವ್ಯಾನು ಗ್ಯಾಸಿನ ಮೇಲೆ ಓಡುವಂಥದ್ದು. ಹಿಂದಿನ ಸೀಟಿನ ಬೆನ್ನಿಗೇ ಗ್ಯಾಸ್ ಸಿಲಿಂಡರ್. ಆ ವ್ಯಾನಿಗೆ ನಾನು ಕೈ ಹಚ್ಚುವುದಿಲ್ಲ ಎಂದುಬಿಟ್ಟೆ. ಇನ್ವರ್ಟರ್ ಒಳಗೆ ಕಿಡಿ ಹಾರುವ ಸಂಭವ ಇದ್ದೇ ಇರುತ್ತದೆ. ಗ್ಯಾಸ್ ಸೋರುವ ಜಾಗದಲ್ಲಿ ಅದನ್ನು ಇಡುವಂತಿಲ್ಲ. ಚನ್ನಬಸಪ್ಪ ಸಿಟ್ಟಾಗಿ ಎದ್ದು ಹೋದರು. ಮುಂದಿನ ವಾರ ಸಂಬಂಧಿಕರೊಬ್ಬರ ಡೀಸೆಲ್ ವ್ಯಾನು ತಂದು, ಮನೆಗೆ ಬಂದು ನೋಡಿ ಎಂದು ಕರೆದರು.

ಹಿಂದಿನ ಎರಡು ಸಾಲು ಸೀಟು ಬಿಚ್ಚಿಸಿ ಒಂದು ಬದಿಗೆ ಹಾಸಿಗೆ ಹಾಕಿದ್ದರು. ತಲೆ ಹಿಂದಕ್ಕೆ, ಕಾಲು ಮುಂದಕ್ಕೆ. ತಲೆಯ ಪಕ್ಕದ ಹಿಂದಿನ ಮೂಲೆ ಖಾಲಿಯಿತ್ತು. ಇನ್ವರ್ಟರ್ ಅಲ್ಲಿಯೇ ಇರಲಿ ಎಂಬುದು ಅವರ ಲೆಕ್ಕ. ನನಗೆ ಒಪ್ಪಿಗೆಯಾಗಲಿಲ್ಲ. ಮೂಗಿನ ಕೊಳವೆಯಿಂದ ಹೊರಬೀಳುವ ಆಮ್ಲಜನಕ ದಿಂಬು, ಹೊದಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಅಂಥ ಬಟ್ಟೆಗೆ ಸಣ್ಣ ಕಿಡಿ ತಾಗಿದರೂ ಆರಿಸಲು ಸಮಯ ಸಿಗುವುದಿಲ್ಲ. ಆ ಮೂಲೆಗೆ ಗಾಜಿನಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ಬ್ಯಾಟರಿ ಇರುವುದು ಬಾನೆಟ್ ಕೆಳಗೆ. ಅಷ್ಟುದ್ದ ಕೇಬಲ್ ಎಳೆದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಬಾನೆಟ್ ಒಳಗೇ ಇಡೋಣವೆಂದರೆ ಎಂಜಿನ್ನಿನ ಕಾವು, ಮಳೆ ನೀರು.

ಉಳಿದದ್ದು ಒಂದೇ ಜಾಗ. ಡ್ರೈವರ್ ಪಕ್ಕದ ಸೀಟಿನ ಬೆನ್ನಿನ ಹಿಂದೆ, ನೆಲದಿಂದ ಗೇಣು ಮೇಲೆ. ಬ್ಯಾಟರಿಗೆ ಹತ್ತಿರ, ಆಮ್ಲಜನಕದಿಂದ ದೂರ, ಮುಂದೆ ಕೂತವರು ಕೈ ಚಾಚಿದರೆ ಸ್ವಿಚ್ಚಿಗೆ ಎಟಕುತ್ತದೆ. ಆದರೆ ಹಾಸಿಗೆ ಅಲ್ಲಿಯವರೆಗೂ ಚಾಚಿತ್ತು. ಮೊಳದುದ್ದ ಕತ್ತರಿಸಲೇಬೇಕು.

"ಆಕಿ ಕಾಲು ಚಾಚಿ ಮಲಗಬೇಕ್ರೀ. ಇಡೀ ದಿನ ಹೆಂಗ ಮುದುಡಿಕೊಂಡು ಕುಂದ್ರಬೇಕು?" ಎಂದರು ಚನ್ನಬಸಪ್ಪ.

ಇನ್ವರ್ಟರನ್ನು ಹಿಂದಿನ ಮೂಲೆಯಲ್ಲೇ ಇಟ್ಟು ಒಮ್ಮೆ ಓಡಿಸಿ ತೋರಿಸಿದೆ. ಕಾನ್ಸಂಟ್ರೇಟರಿನ ಮೋಟಾರು ಶುರುವಾಗುವ ಕ್ಷಣದಲ್ಲಿ ತುಂಬ ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಕಿರ್ರೆಂದು ಕೂಗಿ ನಿಂತುಹೋಯಿತು. ದಪ್ಪ ಕೇಬಲ್ ಹಾಕಿ ಎಂದರು. ಅದರಿಂದ ವೋಲ್ಟೇಜ್ ಸರಿಹೋಗಬಹುದು, ಬೆಂಕಿಯ ಭಯ ಹೋಗುವುದಿಲ್ಲ ಎಂದೆ. ಮಗ ಮಹೇಶ ಅಲ್ಲೇ ನಿಂತಿದ್ದ. ಇಲ್ಲೇ ಓದಿ ಬೆಳೆದವನು, ಅಪ್ಪನ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ. "ಅವಂಗ ಸೊಲ್ರದು ಸರಿದಾನ್ ಪಾ," ಅವರು ಹೇಳುವುದೇ ಸರಿ ಅಪ್ಪಾ, ಎಂದು ನನ್ನ ಪರ ನಿಂತ. ಅಪ್ಪ ಅವನನ್ನೇ ಗದರಿಕೊಂಡರು.

ಗೌರಮ್ಮ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎರಡು ಮಾತಿಗೊಮ್ಮೆ ಉಸಿರು ಹಿಡಿಯಬೇಕಿತ್ತು. ಕೈಯೆತ್ತಿ ನನ್ನನ್ನು ಕರೆದರು.

"ಎಲ್ಲಿಟ್ರ ಬೆಂಕಿ ಹತ್ತಂಗಿಲ್ಲ, ಅಲ್ಲೇ ಇಡವ್ವಾ. ನನ್ನ ಜೋಡಿ ನನ್ನ ಮಗ ಬರಾಕತ್ತಾನ. ನಾ ಕಾಲು ಮಡಚಿಕೊಂಡ ಹೋಗ್ತೀನಿ."

ಹಾಸಿಗೆಯ ಹಲಗೆ ಕತ್ತರಿಸಿದೆವು. ಇನ್ವರ್ಟರನ್ನು ಬೋಲ್ಟ್ ಹಾಕಿ ಬಿಗಿದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿ, ಕೇಬಲ್ ಎಲ್ಲೂ ಕಬ್ಬಿಣಕ್ಕೆ ಉಜ್ಜದಂತೆ ರಬ್ಬರ್ ನಳಿಗೆಯಲ್ಲಿ ಹಾಯಿಸಿದೆ. ಪೆಟ್ಟಿಗೆಯ ಸುತ್ತ ಗಾಳಿಯಾಡಲು ಜಾಗ ಬಿಟ್ಟು ಕಬ್ಬಿಣದ ಜಾಲರಿ ಹಾಕಿಸಿದೆ. ಚನ್ನಬಸಪ್ಪನವರನ್ನೇ ಹಾಸಿಗೆಯ ಮೇಲೆ ಮಲಗಿಸಿ ತಾಂಬರಂವರೆಗೆ ಹೋಗಿಬಂದೆವು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮಂಡಿ ಮಡಚಿ ಮಲಗಿದ್ದ ಅವರು ಇಳಿಯುವಾಗ ಕುಂಟುತ್ತಿದ್ದರು. ನನ್ನ ಮುಖ ನೋಡಲಿಲ್ಲ.

ಎರಡು ದಿನ ಬಿಟ್ಟು ಬೆಳಕು ಹರಿಯುವ ಮುಂಚೆ ಹೊರಟರು. ಕಡಪದಿಂದ ಮಹೇಶ ಆಫೀಸಿಗೆ ಫೋನ್ ಮಾಡಿ, ಎಲ್ಲ ಸರಿಯಾಗಿದೆ, ಅಮ್ಮ ಎಳನೀರು ಕುಡಿದರು ಎಂದ. ಆಮೇಲೆ ಸುದ್ದಿಯಿಲ್ಲ.

ಸುಮಾರು ಒಂದು ತಿಂಗಳಾದ ಮೇಲೆ ಚನ್ನಬಸಪ್ಪ ಮಗನನ್ನೂ ಡ್ರೈವರನ್ನೂ ಕರೆದುಕೊಂಡು ಅದೇ ವ್ಯಾನಿನಲ್ಲಿ ಬಂದರು. ಇನ್ವರ್ಟರ್ ಬಿಚ್ಚಿಕೊಡಿ, ವ್ಯಾನು ವಾಪಸ್ ಕೊಡಬೇಕು ಎಂದರು. ನಾನು ಕೇಳುವ ಮೊದಲೇ ಹೇಳತೊಡಗಿದರು.

ಗುಂತಕಲ್ಲು ದಾಟಿದ ಮೇಲೆ ಗೌರಮ್ಮನವರ ಉಸಿರು ನಿಂತಿತ್ತು. ಮಹೇಶ ವ್ಯಾನು ನಿಲ್ಲಿಸು ಎಂದನಂತೆ. ಅಪ್ಪ ಬೇಡವೆಂದರಂತೆ. ಮೂಗಿನ ಕೊಳವೆ ತೆಗೆಯಲಿಲ್ಲ, ಯಂತ್ರ ಆರಿಸಲಿಲ್ಲ. ಊರು ಮುಟ್ಟುವವರೆಗೂ ಅದು ಓಡುತ್ತಲೇ ಇತ್ತು. ತಂಗಿಯ ಮಂಚದ ಪಕ್ಕಕ್ಕೇ ಒಯ್ದು ಮಲಗಿಸಿದರು. ಆಕೆಗೆ ಮಾತು ಹೊರಡುವುದಿಲ್ಲ. ಒಂದು ಕೈ ಮಾತ್ರ ಆಡುತ್ತದೆ. ಆ ಕೈಯಿಂದ ಅಕ್ಕನ ಮುಖ ಸವರುತ್ತ ಇದ್ದರಂತೆ.

"ನಮ್ಮಲ್ಲಿ ಕೂಡಿಸಿ ಮಣ್ಣು ಮಾಡ್ತಾರ್ರೀ," ಎಂದರು ಚನ್ನಬಸಪ್ಪ. "ಕಾಲು ಮಡಚೇ ಇತ್ತು. ಕೂಡಿಸೋರಿಗೆ ತ್ರಾಸ ಆಗಲಿಲ್ಲ." ಅದನ್ನು ಯಾವ ಭಾವದಲ್ಲಿ ಹೇಳಿದರೋ ನನಗೆ ಇಂದಿಗೂ ತಿಳಿಯದು. ಅವರು ಹೊರಗೆ ಹೋಗಿ ನಿಂತರು.

ನಾನು ವ್ಯಾನಿನೊಳಗೆ ಹೋದೆ. ಜಾಲರಿ ಒಂದು ಪಕ್ಕ ಒಳಕ್ಕೆ ಬಾಗಿತ್ತು. ಕಂಬಿಗಳಿಗೆ ರಜಾಯಿಯ ಹತ್ತಿ ಸಿಕ್ಕಿಕೊಂಡಿತ್ತು. ಮಹೇಶನನ್ನು ಕೇಳಿದೆ. ಅಮ್ಮ ಹೋದ ಗಳಿಗೆಯಲ್ಲಿ ಅವನು ಮುಂದಿನ ಸೀಟಿನಿಂದ ಹಿಂದಕ್ಕೆ ಹಾರಿದ್ದನಂತೆ. ರಜಾಯಿ, ಚೀಲ ಎಲ್ಲ ಜಾರಿ ಪೆಟ್ಟಿಗೆಯ ಮೇಲೆ ಬಿದ್ದಿದ್ದು ಊರಿನಲ್ಲಿ ಇಳಿಯುವಾಗಲೇ ಕಂಡದ್ದಂತೆ. ಅಷ್ಟು ದೂರ ಇನ್ವರ್ಟರ್ ಅದರಡಿಯಲ್ಲೇ ಓಡಿತ್ತು. ಅತ್ತ ತಲೆಯ ಕಡೆ, ಎಳೆದುಕೊಳ್ಳುವ ಉಸಿರಿಲ್ಲದೆ, ಆಮ್ಲಜನಕವೆಲ್ಲ ದಿಂಬಿಗೆ ಸುರಿಯುತ್ತಿತ್ತು. ಇವೆರಡೂ ಒಂದೇ ಮೂಲೆಯಲ್ಲಿದ್ದಿದ್ದರೆ ಎಂದು ಯೋಚಿಸಿ, ಸ್ಪ್ಯಾನರ್ ಕೆಳಗಿಟ್ಟು ಕಿಟಕಿಯಾಚೆ ನೋಡಿದೆ. ಅಪ್ಪ, ಮಗ, ಡ್ರೈವರ್, ಮೂವರೂ ಹೊರಗೆ ಟೀ ಕುಡಿಯುತ್ತಿದ್ದರು.

ಆಮೇಲೂ ಎಷ್ಟೋ ಆಂಬುಲೆನ್ಸ್, ವ್ಯಾನುಗಳಿಗೆ ಇನ್ವರ್ಟರ್ ಕೂರಿಸಿದ್ದೇನೆ. ಗಾಳಿ, ಕಾವು, ನೀರು, ಕೇಬಲ್ಲಿನ ಉದ್ದ ಇವನ್ನೆಲ್ಲ ಯಂತ್ರದ ಜೊತೆ ಬರುವ ಪುಸ್ತಕವೇ ಹೇಳುತ್ತದೆ. ಅದರಲ್ಲಿ ಇಲ್ಲದ್ದನ್ನು ನನ್ನ ಕೈಕೆಳಗೆ ಕಲಿತವರಿಗೆ ನಾನೇ ಹೇಳುತ್ತಿದ್ದೆ: ಯಂತ್ರದ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಗಿರಾಕಿಗೆ ಹೇಳಿ ಬಂದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಆ ವಾಹನದಲ್ಲಿರುವ ಒಬ್ಬರಿಗೂ ಅದರ ನೆನಪೇ ಇಲ್ಲದ ಹೊತ್ತೊಂದು ಬರುತ್ತದೆ. ಆ ಹೊತ್ತಿಗಾಗಿ ಜಾಗ ಹುಡುಕಿ.