ಕಾರ್ಡಕ್ಕನ ಪರದೆಗೆ ಬಂದ ಕರೆ

ಬೆಳಕು ಹರಿಯುವ ಹೊತ್ತಿಗೆ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ಅಂಗಡಿಯ ಷಟರ್ ಮೇಲೇಳುತ್ತದೆ. ಟೇಬಲ್ ಲೈಟಿನ ಕೆಳಗೆ ಹಳೆಯ ಲ್ಯಾಪ್‌ಟಾಪೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಅದಕ್ಕೆ ವೈಫೈ ಸಂಕೇತ ಹಿಡಿಯುವ ಪುಟ್ಟ ಕಾರ್ಡ್ ಸಿಕ್ಕಿಸುತ್ತಿರುವ ಹೆಂಗಸನ್ನು ಎಲ್ಲರೂ ಕರೆಯುವುದು ‘ಕಾರ್ಡಕ್ಕ’ ಎಂದೇ.

ಜನ ಬಿಸಾಕಿದ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ ಜೀವ ಕೊಡುವುದು ಇವರ ಕಸುಬು. ಒಡಹುಟ್ಟಿದ ತಮ್ಮ ಬೇಸತ್ತು ಬಿಟ್ಟುಹೋದ ಅಂಗಡಿಯಿದು. ತಲೆನೋವೆಲ್ಲ ಸರಿಹೊಂದುವ ಕಾರ್ಡ್ ಆರಿಸುವುದರಲ್ಲೇ. “ಡಬ್ಬಿ ಮೇಲಿನ ಹೆಸರು ನಂಬ್ಕೊಂಡ್ರೆ ಕೆಟ್ಟೆ. ಹೆಸರು ಅದೇ, ಒಳಗೆ ಬೇರೆ ಚಿಪ್. ಪರಿಚಯ ಇದ್ರೆ ಲಿನಕ್ಸು ಮಾತಾಡ್ಸುತ್ತೆ, ಇಲ್ದಿದ್ರೆ ತಿರುಗಿನೂ ನೋಡಲ್ಲ.” ಹಗಲು ಸುತ್ತಲಿನ ವೈಫೈಗಳ ಗದ್ದಲ, ಅದಕ್ಕೇ ಪರೀಕ್ಷೆ ನಸುಕಿನಲ್ಲಿ.

ಹೋದ ಚಳಿಗಾಲದ ಒಂದು ಬೆಳಗ್ಗೆ ಮೊದಲ ಕಾರ್ಡನ್ನು ಲಿನಕ್ಸ್ ಗುರುತಿಸಲಿಲ್ಲ. ಎರಡನೆಯದನ್ನು ಹಾಕಿದರು. ತಮ್ಮ ಅಂಗಡಿಯ ವೈಫೈ ಒಂದೇ ಕಾಣಬೇಕಿದ್ದ ಪರದೆಯಲ್ಲಿ ಬೇರೊಂದು ವೈಫೈ ಹೆಸರು ಮೂಡಿತು: ‘ಬಾಗಿಲು ತೆಗೀರಿ’.

“ಯಾರೋ ಪೋಲಿಗಳ ಕೆಲಸ ಅಂದ್ಕೊಂಡೆ. ಆದ್ರೆ ಅಷ್ಟು ಹೊತ್ತಿಗೆ ಇಲ್ಲಿ ನನ್ನ ಬಿಟ್ರೆ ನರಪಿಳ್ಳೆ ಇರಲ್ಲ.” ಕಾರ್ಡೇ ಕೆಟ್ಟಿರಬೇಕೆಂದು ಕಿತ್ತು ಮತ್ತೆ ಹಾಕಿದರು. ಹೆಸರು ಅಲ್ಲೇ ಇತ್ತು. ನೋಡನೋಡುತ್ತಲೇ ಅಳಿಸಿಹೋಗಿ ಇನ್ನೊಂದು ಬಂತು: ‘ಕಾರ್ಡಕ್ಕ ಇದೀರಾ’.

“ಓಡಿಹೋಗೋಣ ಅಂತ ಎದ್ದೇಬಿಟ್ಟೆ. ಆದ್ರೆ ಹೆಸರು ಹಿಡಿದು ಕರೀತಿರೋರ್ನ ಬಿಟ್ಟು ಹ್ಯಾಗೆ ಹೋಗ್ಲಿ?”

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕತ್ತಲ ಓಣಿಯಲ್ಲಿ ನಡೆದರು. ಸಿಗ್ನಲ್ ಪೂರ್ತಿ ತುಂಬಿದ್ದು ಟೈಲರ್ ಅಂಗಡಿಯ ಮುಚ್ಚಿದ ಷಟರ್ ಎದುರು. ಕಿವಿಯಿಟ್ಟರೆ ಸದ್ದಿಲ್ಲ. “ಟೈಲರಣ್ಣಾ!” ಎಂದು ಕೂಗಿದರು. ಒಳಗಿಂದ ಉಸಿರೂ ಕೇಳಲಿಲ್ಲ. ಪರದೆಯ ಮೇಲಿನ ಹೆಸರು ಮಾತ್ರ ಮಾಯವಾಗಿ, ಆ ಜಾಗದಲ್ಲಿ ‘ಹೂಂ’ ಎಂದು ಬಂತು.

ಮೇಲೆ ಗೇಟಿನಲ್ಲಿದ್ದ ಕಾವಲುಗಾರನನ್ನು ಎಳೆತಂದು ಷಟರ್ ಮೀಟಿಸಿದರು. ಒಳಗಿಂದ ಚಿಲಕ ಹಾಕಿಕೊಂಡು ಹೊಲಿಯುತ್ತಿದ್ದ ಟೈಲರ್ ಮೇಲೆ ಹಿಂದಿನ ಸಂಜೆ, ಅಕ್ಕಪಕ್ಕದವರೆಲ್ಲ ಹೋದ ಮೇಲೆ, ಬಟ್ಟೆಯ ಕಪಾಟು ಉರುಳಿತ್ತು. ಎದೆ ಒತ್ತಿ ದನಿ ಹೊರಡುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಫೋನ್ ಕರೆ ಹೋಗುತ್ತಿರಲಿಲ್ಲ. ಕಾರ್ಡಕ್ಕನ ಷಟರ್ ಸದ್ದು ಕೇಳಿ, ಬಿಡುವಿದ್ದ ಒಂದೇ ಕೈಯಲ್ಲಿ ಫೋನೇ ಹೊರಡಿಸುವ ವೈಫೈಯ, ಅಂದರೆ ಹಾಟ್‌ಸ್ಪಾಟಿನ, ಹೆಸರು ಬದಲಿಸುತ್ತಾ ಹೋಗಿದ್ದರು.

ಟೈಲರ್ ಈಗ ಮತ್ತೆ ಮಷೀನು ತುಳಿಯುತ್ತಿದ್ದಾರೆ. ಉಪಕಾರದ ನೆನಪಿಗೆ ಹಾಟ್‌ಸ್ಪಾಟಿಗೆ ‘ಕಾರ್ಡಕ್ಕ’ ಎಂದೇ ಹೆಸರಿಟ್ಟಿದ್ದಾರೆ. ಕಾರ್ಡಕ್ಕನಿಗೆ ಅದೇ ಕಷ್ಟ.

“ಆ ಹೆಸರು ತೆಗೆದ್ರೆ ಸಾಕು ಪುಣ್ಯಾತ್ಮ. ಅವರು ಬೇಗ ಬಂದ ದಿನ ಪರದೆ ಮೇಲೆ ನನ್ನ ಹೆಸರು ಬರುತ್ತೆ. ಗೊತ್ತಿದ್ರೂ ಕೂರೋಕಾಗಲ್ಲ, ಒಂದ್ಸಲ ಹೋಗಿ ಅವರ ಮುಖ ನೋಡ್ಕೊಂಡೇ ಬರ್ತೀನಿ.”