ಉಪ್ಪಿನ ಭರಣಿಯ ಹಿಂದಿನ ಗುಳ್ಳವ್ವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸುಗುಣಕ್ಕನ ಅಡುಗೆಮನೆಯ ಗೂಡಿನಿಂದ ಆ ಮಣ್ಣಿನ ಬೊಂಬೆಯನ್ನು ಎತ್ತಿ ತಂದ ಮೂರ್ಖ ನಾನೇ. ಕದ್ದೆ ಅನ್ನಬೇಡಿ. ನೀರು ಕುಡಿಯಲು ಒಳಗೆ ಹೋಗಿದ್ದೆ, ಅಕ್ಕ ಒಲೆಯ ಕಡೆ ಮುಖ ಮಾಡಿ ಮಿರ್ಚಿ ಭಜಿ ಕರಿಯುತ್ತಿದ್ದಳು, ಉಪ್ಪಿನ ಭರಣಿಯ ಹಿಂದಿನಿಂದ ಅದು ತಾನಾಗಿ ನನ್ನ ಕೈಗೆ ಬಂತು. ಹಾಗಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಇವತ್ತು ಆಷಾಢದ ಮಂಗಳವಾರ. ಇಳಕಲ್ಲಿನ ನಮ್ಮ ಓಣಿಯ ಹುಡುಗಿಯರು ಪೂಜಿಸಿ ಕೊನೆಗೆ ನೀರಿಗೆ ಬಿಡುವ ಹಸಿಮಣ್ಣಿನ ಗುಳ್ಳವ್ವನನ್ನು ಮಣೆಯ ಮೇಲಿಟ್ಟುಕೊಂಡು, ಕಣ್ಣಿಗೆ ಗುಲಗಂಜಿ, ಮೈತುಂಬ ಕುಸುಬಿ ಕಾಳು ಚುಚ್ಚಿ, ಜೋಳ ಕೇಳಲು ಬಾಗಿಲಿಗೆ ಬಂದರು. ಆ ಹಸಿಮಣ್ಣಿನ ವಾಸನೆ ಬಂದದ್ದೇ ತಡ, ಸಮುವೇಲ ಮಾಸ್ತರರ ಪಡಸಾಲೆ ನೆನಪಾಯಿತು.

ಮಾಸ್ತರರು ಸುಗುಣಕ್ಕನ ಗಂಡ, ಸಾಲೆಯಿಂದ ನಿವೃತ್ತರಾದವರು. ಭಾನುವಾರ ಚರ್ಚಿನಲ್ಲಿ ಬೋಧನೆ ಮಾಡುವವರು. ನಮ್ಮ ಕಾಕಾ ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಹೇಳುವವ. ಭಾನುವಾರ ಮಧ್ಯಾಹ್ನ ಬಸ್ಸಿಳಿದು ನಮ್ಮ ಮನೆಗೆ ಬರುವ ಮೊದಲು ಅಲ್ಲಿಗೇ ಹೋಗುತ್ತಿದ್ದ. ಇಬ್ಬರ ಜಗಳವೂ ಒಂದೇ. ಯೆರೂಸಲೇಮಿನಂಥ ಕಡೆ ಹಳೆಯ ಇಸ್ರಾಯೇಲರ ಮನೆಗಳ ಅವಶೇಷಗಳಲ್ಲಿ ಎದೆ ಹಿಡಿದು ನಿಂತ ಹೆಣ್ಣಿನ ಪುಟ್ಟ ಮಣ್ಣಿನ ಬೊಂಬೆಗಳು ಸಿಕ್ಕಿವೆಯಂತೆ. ಅವು ಯಾಕಿದ್ದವು?

“ಹ್ಹಂ... ಅವರಿಗೆ ಮೊದಲಿಂದ ಒಬ್ಬನೇ ದೇವರು. ಬೊಂಬಿ ಇಟಗೊಂಡವರು ದಾರಿ ತಪ್ಪಿದವರು,” ಎನ್ನುತ್ತಿದ್ದರು ಮಾಸ್ತರರು.

“ಮೊದಲ ಎಲ್ಲಾರ್ಗೂ ಹತ್ತು ದೇವರಿದ್ರು. ಒಬ್ಬನೇ ಅಂತ ಆಮ್ಯಾಲೆ ಬರದ್ರು. ಪುರಾವೆ ನೋಡ್ರಿ, ಪುರಾವೆ!” ಎನ್ನುತ್ತಿದ್ದ ಕಾಕಾ. ಬಾದಾಮಿಯ ಸಂಗ್ರಹಾಲಯದಲ್ಲಿ ತಲೆಯ ಜಾಗದಲ್ಲಿ ಕಮಲವಿರುವ ದೇವಿಯನ್ನು ಕಂಡಂದಿನಿಂದ ಅವನಿಗೆ ಒಡೆದ ಗಡಿಗೆಯ ಚೂರಿನಲ್ಲೂ ದೇವಿಯೇ ಕಾಣುತ್ತಿದ್ದಳು.

ಒಂದೇ ಬೊಂಬೆ; ಒಬ್ಬರಿಗೆ ಪಾಪ, ಒಬ್ಬನಿಗೆ ಪುರಾವೆ. ಮಾಸ್ತರರ ಓಣಿಯ ಮಗ್ಗಗಳ ಲಟಪಟದ ನಡುವೆ ಕೂತಾಗ ನನಗನ್ನಿಸುತ್ತಿತ್ತು: ಉದ್ದೆಳೆಗಳ ಹಾಸು ಬಿಗಿದಾದ ಮೇಲೆ ಲಾಳಿ ಎಷ್ಟು ಓಡಾಡಿದರೂ ಸೀರೆಯ ಅಗಲ ಬದಲಾಗುವುದಿಲ್ಲ; ಇವರ ವಾದವೂ ಹಾಗೇ. ಇಷ್ಟು ತಿಳಿದವನು ಸುಮ್ಮನಿರಬೇಕಿತ್ತು. ಆದರೆ ಊರಿನವರ ದನಿ ತೆಗೆದು ನಗಿಸುವುದು ನನ್ನ ಚಟ. ನನ್ನ ಸ್ವಂತ ದನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತದೆ.

ಅಂಥದೊಂದು ಭಾನುವಾರ ಆ ಬೊಂಬೆಯನ್ನು ಅವರಿಬ್ಬರ ನಡುವೆ ಇಟ್ಟು ಕಾಕಾನ ದನಿ ತೆಗೆದೆ: “ಪುರಾವೆ, ಪುರಾವೆ! ಇಳಕಲ್ಲಿನಾಗ ಸಿಕ್ಕೈತಿ!” ಬೆನ್ನಿಗೇ ಮಾಸ್ತರರದು: “ಹ್ಹಂ... ಪ್ರಿಯರೇ, ಇದು ದಾರಿ ತಪ್ಪಿದ ಮನಿ!”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. “ಎಲ್ಲೆ ಸಿಕ್ತಲೇ?” ಅಂದ ಕಾಕಾ.

“ಇಲ್ಲೇ, ಅಡಗಿಮನ್ಯಾಗ.”

ಮಾಸ್ತರರ ನಗೆ ನಿಂತಿತು. ಕಾಕಾನದು ಇನ್ನೂ ನಿಂತಿರಲಿಲ್ಲ. “ನೋಡ್ರಿ ಮತ್ತ! ಹೊರಗ ಬೈಬಲ್, ಒಳಗ ಗುಳ್ಳವ್ವ. ಯೆರೂಸಲೇಮಿನಾಗೂ ಹಿಂಗ ಇತ್ತು!”

ಮಾಸ್ತರರು ಬೊಂಬೆಯನ್ನು ಮುಟ್ಟಲಿಲ್ಲ. “ಮೂವತ್ತು ವರ್ಷ ಇಬ್ಬರೂ ಕೂಡಿ ಮೊಣಕಾಲೂರಿ ಪ್ರಾರ್ಥನಾ ಮಾಡೇವಿ,” ಅಂದರು, ನಮಗಲ್ಲ, ಗೋಡೆಗೆ. “ಆಕಿ ಮನಸಿನಾಗ ಬ್ಯಾರೆ ಯಾರೋ ಇದ್ರೇನು?”

ಆಗ ನಡೆದದ್ದನ್ನು ನೀವು ನೋಡಬೇಕಿತ್ತು. ಯಾವ ಪುಸ್ತಕಕ್ಕೂ ಬಗ್ಗದ ಕಾಕಾ ಒಮ್ಮೆಲೇ ಬಗ್ಗಿದ. “ಹಂಗಲ್ರಿ ಮಾಸ್ತರ್, ಇದು ದೇವಿ ಎಲ್ಲೀದು? ಬರೇ ಹುಡುಗರ ಆಟಿಗಿ ಇದ್ದೀತು.”

“ಆಟಿಗಿ ಆದ್ರ ಬಚ್ಚಿಡೂದು ಯಾಕ?” ಅಂದರು ಮಾಸ್ತರರು.

ವಾದದಲ್ಲಿ ಇಬ್ಬರೂ ಕುರ್ಚಿ ಬದಲಿಸಿದ್ದರು. ಬೊಂಬೆ ಮಾತ್ರ ಇದ್ದಲ್ಲೇ ಇತ್ತು. ಈಗ ಒಬ್ಬನ ಹಾಸು ಗೆಳೆತನದ್ದು, ಇನ್ನೊಬ್ಬರದು ಭಯದ್ದು.

ಅಷ್ಟರಲ್ಲಿ ಸುಗುಣಕ್ಕ ಮಿರ್ಚಿಯ ತಾಟು ಹಿಡಿದು ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ತಾಟು ಇಟ್ಟು, ಬೊಂಬೆಯನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿದಳು.

“ನಮ್ಮ ಎಸ್ತರ ಸಣ್ಣಾಕಿದ್ದಾಗ ಓಣಿ ಹುಡುಗ್ಯಾರ ಜೋಡಿ ಮಾಡಿದ್ದು. ಎಲ್ಲಾರೂ ನೀರಿಗೆ ಬಿಟ್ಟು ಬಂದ್ರ ಈಕಿ ಅಳಕೋತ ಎದಿಗವಚಿಕೊಂಡು ತಂದ್ಲು. ಬೆನ್ನಿಗೆ ನೋಡ್ರಿ, ಆಕಿ ಹೆಬ್ಬೆಟ್ಟು.”

ಒಣಗಿದ ಮಣ್ಣಿನಲ್ಲಿ ಗುಲಗಂಜಿಗಿಂತ ತುಸು ದೊಡ್ಡದೊಂದು ತಗ್ಗು. ಅವರ ಮಗಳು ಎಸ್ತರ ಈಗ ಹುನಗುಂದದ ಕೋರ್ಟಿನಲ್ಲಿ ವಕೀಲಳು. ದಿನಾ ಬಸ್ಸಿಗೆ ಹೋಗಿ ಬರುವವಳು.

“ಆಕಿ ಬಸ್ಸು ತಡಾ ಆದ್ರ ಇದರ ಮ್ಯಾಲೆ ಬೆರಳಿಟ್ಟು ಬೇಡಕೋತೇನಿ. ಯಾರಿಗೆ ಅಂತ ಕೇಳಬ್ಯಾಡ್ರಿ. ನಾವಿಬ್ರೂ ಕೂಡಿ ಬೇಡೂ ದೇವರಿಗೇ.”

ಆ ಹೆಬ್ಬೆಟ್ಟಿಗೆ ಕಾಕಾನ ಪುರಾವೆಯಲ್ಲೂ ಜಾಗವಿರಲಿಲ್ಲ, ಮಾಸ್ತರರ ಪಾಪದಲ್ಲೂ ಇರಲಿಲ್ಲ. ಇದರಿಂದ ಯೆರೂಸಲೇಮಿನ ಬೊಂಬೆಗಳ ಗುಟ್ಟು ಬಯಲಾಯಿತು ಅಂತ ನಾನಂದರೆ ಅದೂ ಇನ್ನೊಂದು ಬಿಗಿದ ಹಾಸೇ.

ಇವತ್ತು ಬಾಗಿಲಲ್ಲಿ ನಿಂತ ಹುಡುಗಿಯರನ್ನು ಅಣಕಿಸಲು ಬಾಯಿ ತೆರೆದವನು ತಡೆದು ಕೇಳಿದೆ: “ಈಕಿ ನಿಮಗ ಯಾರವಾ?” ಮೂವರು ಮೂರು ಉತ್ತರ ಕೊಟ್ಟರು. ಮೂರನ್ನೂ ಕೇಳಿಸಿಕೊಂಡು ಮೊರದ ತುಂಬ ಜೋಳ ಹಾಕಿದೆ.

ಎಲ್ಲರ ದನಿ ತೆಗೆಯುವ ನನಗೆ ಸುಗುಣಕ್ಕನ ಆ ದಿನದ ದನಿ ಮಾತ್ರ ಇನ್ನೂ ನಾಲಿಗೆಗೆ ಹತ್ತಿಲ್ಲ. ಮಾಸ್ತರರು ಆ ಹೆಬ್ಬೆಟ್ಟಿನ ಗುರುತಿನ ಮೇಲೆ ತಮ್ಮ ಬೆರಳಿಟ್ಟುಕೊಂಡು, “ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?” ಅಂದಿದ್ದರು. ಅಕ್ಕ ಮಿರ್ಚಿಯ ತಾಟನ್ನು ಅವರ ಮುಂದೆ ಸರಿಸಿದಳು.

“ಯೆರೂಸಲೇಮಿನ ಹೆಂಗಸರು ಸತ್ತು ಹೋಗ್ಯಾರ, ಅವರನ್ನ ಕೇಳಾಕ ಬರೂದಿಲ್ಲ. ನಾ ಇಲ್ಲೇ ಒಲಿ ಮುಂದ ಇದ್ನಲ್ರೀ.”