ಕೌದಿಯ ಹಸಿರು ತುಂಡು

ಮೊಮ್ಮಗಳು ಹುಟ್ಟಿದ ದಿನ ನೆನೆದರೆ ಈಗಲೂ ನನ್ನ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಕಲಿತದ್ದು ಎರಡನೇ ಇಯತ್ತೆ. ಹೇಗೆ ಬರುತ್ತದೋ ಹಾಗೆ ಬರೆಯುತ್ತಿದ್ದೇನೆ.

ಆಗ ಹೈದರಾಬಾದಿನ ಸುತ್ತ ಕಂಪ್ಯೂಟರ್ ಆಫೀಸುಗಳು ಏಳುತ್ತಿದ್ದವು. ಅವುಗಳ ಬುನಾದಿಗೆ ಕಾಂಕ್ರೀಟು ಹೊತ್ತವರು ನಾವು. ಮನೆ ಉಪ್ಪಲ್ ಕಡೆಯ, ಕನ್ನಡದ ಮಂದಿಯೇ ತುಂಬಿದ್ದ ಒಂದು ಗಲ್ಲಿಯಲ್ಲಿ. ದೂರದ ಗಡಿಯಲ್ಲಿ ಯುದ್ಧ ನಡೆದಿತ್ತು.

ನಮ್ಮ ಮಂದಿ ಕೂಸು ಹುಟ್ಟುವ ಮುಂಚೆ ಮನೆಮನೆಗೆ ಹೋಗಿ ಹಳೆ ಬಟ್ಟೆಯ ತುಂಡು ಬೇಡಿ ತಂದು ಕೌದಿ ಹೊಲಿಯುತ್ತಾರೆ. ಅಷ್ಟೂ ಮನೆಗಳ ಬಿಸುಪು ಕೂಸಿಗೆ ಸಿಗಲಿ ಅಂತ. ಸೊಸೆಗೆ ದಿನ ತುಂಬುತ್ತಿದ್ದಂತೆ ನಾನೂ ಬೇಡಿದೆ. ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು ತನ್ನ ಮದುವೆಯಲ್ಲಿ ತಲೆಗೆ ಹೊದ್ದ ಹಸಿರು ಓಢಣಿಯನ್ನೇ ಕತ್ತರಿಸಿ ಕೊಟ್ಟಳು. ಅದರಲ್ಲಿ ಜರಿಯ ಅರ್ಧಚಂದ್ರ ಮಿನುಗುತ್ತಿತ್ತು. ಬೀದರ್ ಕಡೆಯವಳು. ನಾನು ಅವಳಿಗೆ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ; ಅವಳೂ ನನಗೆ ಅಕ್ಕಾ ಅನ್ನುತ್ತಿದ್ದಳು.

ಸಂಜೆ ಗಲ್ಲಿಯೆಲ್ಲ ಕಿರಾಣಿ ಅಂಗಡಿಯ ಟಿವಿ ಮುಂದೆ ಸೇರುತ್ತಿತ್ತು. ಅಂಗಡಿಯವನು ಗೋಡೆಗೆ ವೈರಿ ಸಿಪಾಯಿಯ ಚಿತ್ರ ಅಂಟಿಸಿದ್ದ: ತಲೆಗೆ ಕೋಡು, ಹಲ್ಲಿನಿಂದ ರಕ್ತ. ಗಡಿಯ ಆ ಕಡೆಯ ಮಂದಿಯ ಮುಖವೇ ಹಾಗಿರಬೇಕು ಅಂತ ನಾನು ನಂಬಿಬಿಟ್ಟಿದ್ದೆ. ಆ ಕಡೆಗೇ ಮದುವೆಯಾಗಿ ಹೋಗಿದ್ದ ಆಪಾಳ ಅಕ್ಕ ಒಂದು ದಿನ ಫೋನ್ ಮಾಡಿದಳು. ಆಪಾ ಬಂದು ಹೇಳಿದಳು:

“ಅಕ್ಕಾ, ಅಲ್ಲಿ ಗೋಡಿ ಮ್ಯಾಲ ನಮಗ ಕೋಡು ಬರದಾರಂತ.”

“ನಿನಗೂ ಏನ?”

“ನನಗೂ, ನಿನಗೂ. ಈ ಕಡಿ ಇರೋರಿಗೆಲ್ಲಾ!”

ಬಾಯಿಗೆ ಸೆರಗು ಹಿಡಿದು ನಕ್ಕೆವು. ಆದರೆ ಅವಳು ಅಂಗಡಿಗೆ ಹೋದರೆ ಅಲ್ಲಿ ಕೂತವರ ಮಾತು ನಿಲ್ಲುತ್ತಿತ್ತು. ಆಮೇಲೆ ಅವಳು ಹೋಗುವುದನ್ನೇ ಬಿಟ್ಟಳು.

ಸೊಸೆಗೆ ನೋವು ಬಂತು. ಮಗ ಆಸ್ಪತ್ರೆಗೆ ಕರೆದೊಯ್ದ. ನಾನು ಕೌದಿ ತೊಳೆದು ಬಾಗಿಲ ಮುಂದಿನ ಹಗ್ಗಕ್ಕೆ ಹಾಕಿದ್ದೆ. ಅಂಗಡಿಯವನು ನಾಲ್ಕು ಜನರ ಜೊತೆ ಬಂದು ಹಸಿರು ತುಂಡಿನ ಚಂದ್ರಕ್ಕೆ ಬೆರಳು ತೋರಿಸಿದ.

“ಆಯೀ, ವೈರಿ ನಿಶಾನಿ ಹಾರಸಾಕತ್ತೀರೇನ್ರಿ?”

“ಏ ಹುಚ್ಚಪ್ಪಾ, ಅದು ಆಪಾನ ಓಢಣಿ.”

“ಅದಕ್ಕ ಅನ್ನಾಕತ್ತೀನಿ. ಮದಲ ಅದನ್ನ ಕೀಳ್ರಿ. ಆಕಿನೂ ಗಲ್ಲಿ ಬಿಡ್ಲಿ.”

ಆಪಾಳ ಮನೆಯ ಚಿಲಕ ಒಳಗಿನಿಂದ ಬಿದ್ದ ಸದ್ದು ಕೇಳಿತು. ನಾನು ಒಳಗೆ ಹೋಗಿ ಕತ್ತರಿ ತಂದು ಅವನ ಕೈಗಿಟ್ಟೆ.

“ನೀನ ಕೀಳಪಾ.”

ಅವನು ಅಂಚು ಎಳೆದ. ಹಸಿರಿಗೆ ತಾಗಿ ಕೆಂಪಂಚಿನ ಹಳದಿ ತುಂಡಿತ್ತು. ಕತ್ತರಿ ನಿಂತಿತು.

“ಇದು ನಮ್ಮವ್ವನ ಸೀರಿ ಅಲ್ಲೇನ್ರಿ?”

“ಹೌದು. ಸಾಯೂಕಿಂತ ಮದಲು, ಮುಂದ ಕೌದಿಗೆ ಬೇಕಾಕೈತಿ ಅಂತ ಕೊಟ್ಟಿದ್ಲು. ಕೌದಿ ಹೊಲಿಗಿ ಈ ದಂಡಿಯಿಂದ ಆ ದಂಡಿಗೆ ಒಂದ ದಾರದಾಗ ಓಡತೈತಿ. ಹಸರು ಕಿತ್ರ ನಿಮ್ಮವ್ವಂದೂ ಬಿಚ್ಚತೈತಿ. ಕೀಳು ಮತ್ತ.”

ಅವನು ಆ ಹಳದಿಯನ್ನು ಹೆಬ್ಬೆರಳಿನಿಂದ ಸವರಿದ. ಜೊತೆಗೆ ಬಂದವರು ಅವನ ಮುಖವನ್ನೇ ನೋಡುತ್ತಿದ್ದರು.

“ಒಳಗ ಒಣಗಸ್ರಿ,” ಎಂದು ಕತ್ತರಿ ವಾಪಸು ಕೊಟ್ಟು ಹೋದ. ಗೋಡೆಯ ಚಿತ್ರ ಅವನು ತೆಗೆಯಲಿಲ್ಲ. ಆಪಾ ಗಲ್ಲಿ ಬಿಡಬೇಕೆಂಬ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಕೂಸು ಮನೆಗೆ ಬಂತು, ಹೆಣ್ಣು! ಕೌದಿಯ ಮೇಲೆ ಮಲಗಿಸಿದೆ. ಆಪಾ ಚಿಲಕ ತೆಗೆದು ಬಂದು ಪಕ್ಕದಲ್ಲಿ ಕೂತಳು. ನಾನು ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದೆ. ಬೆರಳಿನ ಕೆಳಗೆ ಮೆತ್ತನೆಯ ನೆತ್ತಿ ಮಿಡಿಯುತ್ತಿತ್ತು. ಎಷ್ಟು ಸಲ ಕೂಸುಗಳಿಗೆ ಎಣ್ಣೆ ಹಚ್ಚಿದ್ದೇನೋ, ಆವತ್ತು ನನ್ನ ಬೆರಳು ಅಲ್ಲೇ ಸುತ್ತಿ ಸುತ್ತಿ ಸವರಿತು. ಇಷ್ಟು ಮೆತ್ತಗಿನ ಜಾಗದ ಮೇಲೆ ಗಡಿಯಾಚೆ ಯಾರೋ ಕೋಡು ಬರೆದಿದ್ದಾರೆ. ಅಲ್ಲಿಯೂ ಯಾವಳೋ ಮುದುಕಿ ಇಂಥದೇ ನೆತ್ತಿಗೆ ಎಣ್ಣೆ ಹಚ್ಚುತ್ತಿರಬೇಕು.

“ಏನ ಹುಡುಕಾಕತ್ತೀದಿ ಅಕ್ಕಾ?” ಆಪಾ ಕೇಳಿದಳು.

“ಕೋಡು.”

ಅವಳೂ ಮೆಲ್ಲಗೆ ಕೈಯಿಟ್ಟು ಸವರಿದಳು. “ಇನ್ನೂ ಮೂಡಿಲ್ಲ ಬಿಡು,” ಅಂದಳು. ಕೂಸು ಎಚ್ಚರಗೊಳ್ಳುವಷ್ಟು ಜೋರಾಗಿ ಇಬ್ಬರೂ ನಕ್ಕೆವು.